ಪದ್ಮಿನಿಗೆ ಮೇಕಪ್ ಆಮೇಲೆ!



ಈ ವಾರದ ಟಪಾಲಿನಲ್ಲಿ ಮುಕ್ಕಾಲು ಪಾಲು ಮಾಮೂಲು ಕಾಗದಗಳೇ. ಯಾವ ಹೀರೋ ಯಾವ ಕಾರು ತಗೊಂಡರು, ಬೆಲೆ ಎಷ್ಟು, ನಂಬರ್ ಫ್ಯಾನ್ಸಿಯೋ ಅಲ್ವೋ... ಅದಕ್ಕೆಲ್ಲ ಮುಂದಿನ ವಾರ ಉತ್ತರ ಕೊಡ್ತೀನಿ, ಕೋಪ ಮಾಡ್ಕೋಬೇಡಿ. ಯಾಕಂದ್ರೆ ಒಂದೇ ಒಂದು ಕಾಗದ ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿದೆ. ಬಂದದ್ದು ತಿಪಟೂರು ಕಡೆಯ ಒಂದು ಹಳ್ಳಿಯಿಂದ. ಹೆಸರು ಹಾಕಬೇಡಿ ಸಾರ್ ಅಂತ ಹುಡುಗ ಕೇಳಿಕೊಂಡಿದ್ದಾನೆ. ಹಾಕೋದಿಲ್ಲ. ಕಾಗದ ಮಾತ್ರ ಓದಿ:

"ಸಾರ್, ನಮ್ಮಪ್ಪ 1986ರ ಮಾಡೆಲ್ ಪ್ರೀಮಿಯರ್ ಪದ್ಮಿನಿ ಇಟ್ಟಿದ್ರು. ಮದುವೆ, ಹೆರಿಗೆ, ಆಸ್ಪತ್ರೆ, ಧರ್ಮಸ್ಥಳ, ಎಲ್ಲಕ್ಕೂ ನಮ್ಮೂರಿಗೆ ಅದೊಂದೇ ಕಾರು. ಅಪ್ಪ ಹೋಗಿ ಆರು ವರ್ಷ ಆಯ್ತು. ಅವತ್ತಿಂದ ಕಾರು ತೋಟದಲ್ಲಿ ಗರಿ ಚಪ್ಪರದ ಕೆಳಗೆ ನಿಂತಿದೆ. ಎರಡು ಸಲ ಮೇಲೆ ತೆಂಗಿನಕಾಯಿ ಬಿದ್ದಿದೆ. ಗುಜರಿಯವನು ಬಂದು ಹದಿನೆಂಟು ಸಾವಿರ ಕೊಡ್ತೀನಿ ಅಂದಿದ್ದಾನೆ. ಅಣ್ಣ ಕೊಟ್ಟುಬಿಡೋಣ ಅಂತಾನೆ. ಅಮ್ಮ ಏನೂ ಹೇಳಲ್ಲ, ಆದ್ರೆ ಗುಜರಿಯವನು ಬಂದ ದಿನ ರಾತ್ರಿ ಊಟ ಮಾಡ್ಲಿಲ್ಲ. ನನ್ನ ಹತ್ರ ಕೂಡಿಟ್ಟ ದುಡ್ಡು ನಲವತ್ತು ಸಾವಿರ ಇದೆ. ಒಳ್ಳೆ ಬಣ್ಣ ಹೊಡೆಸಿ ಓಡಿಸಬಹುದಾ? ಪಾರ್ಟ್ಸ್ ಸಿಗುತ್ತಾ? ಬೇಗ ಹೇಳಿ. ಅಣ್ಣ ಹದಿನೈದು ದಿನ ಟೈಮ್ ಕೊಟ್ಟಿದ್ದಾನೆ."

ನೋಡಿದ್ರಾ? ಹದಿನೈದು ದಿನ! ಯಾವ ಸಿನಿಮಾದ ಕ್ಲೈಮ್ಯಾಕ್ಸ್‌ಗೂ ಕಡಿಮೆ ಇಲ್ಲ. ಆದ್ರೆ ನನ್ನ ಎದೆ ಧಸಕ್ ಅಂದದ್ದು ಗುಜರಿಯವನ ಮಾತಿಗಲ್ಲ. "ಒಳ್ಳೆ ಬಣ್ಣ ಹೊಡೆಸಿ" ಅಂದಿದ್ದಾನಲ್ಲ, ಆ ಮಾತಿಗೆ. ಯಾಕೆ ಅಂತ ಹೇಳ್ತೀನಿ. ಅದಕ್ಕೆ ಮೊದಲು, ಪದ್ಮಿನಿ ಅಂದ ತಕ್ಷಣ ಹಳೇ ನಟಿ ಪದ್ಮಿನಿ ನೆನಪಾದ ಹಿರಿಯರಿಗೂ, 2019ರಲ್ಲಿ ಬಂದ ಜಗ್ಗೇಶ್ ಅವರ ‘ಪ್ರೀಮಿಯರ್ ಪದ್ಮಿನಿ’ ನೋಡಿ ಮಾತ್ರ ಈ ಕಾರಿನ ಹೆಸರು ತಿಳಿದ ಕಿರಿಯರಿಗೂ ಸ್ವಲ್ಪ ಫ್ಲ್ಯಾಶ್‌ಬ್ಯಾಕ್.

ಇಟಲಿಯ ಫಿಯಟ್ ಕಂಪನಿ 1953ರಲ್ಲಿ 1100 ಅಂತ ಹೊಸ ಮಾದರಿಯ ಕಾರು ತಂತು. ಅದನ್ನೇ ನಮ್ಮಲ್ಲಿ ಮುಂಬೈಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆ ಕಟ್ಟೋಕೆ ಶುರು ಮಾಡ್ತು. ವಾಲ್‌ಚಂದ್ ಹೀರಾಚಂದ್ ಅನ್ನೋ ಸಾಹಸಿ 1944ರಲ್ಲಿ ಹುಟ್ಟುಹಾಕಿದ ಕಂಪನಿ ಅದು. ಮೊದಮೊದಲ ಫಿಯಟ್ಟುಗಳ ಮುಂದಿನ ಬಾಗಿಲು ಹಿಂದುಮುಂದಾಗಿ ತೆರೀತಿತ್ತು. ಅದರ ದುಂಡು ಮೂತಿ ನೋಡಿ ಮುಂಬೈ ಜನ ‘ದುಕ್ಕರ್ ಫಿಯಟ್’ ಅಂದ್ರು. ದುಕ್ಕರ್ ಅಂದ್ರೆ ಮರಾಠಿಯಲ್ಲಿ ಹಂದಿ! ಎಪ್ಪತ್ತರ ದಶಕದಲ್ಲಿ ಫಿಯಟ್ ಹೆಸರು ಹೋಗಿ ಪ್ರೀಮಿಯರ್ ಹೆಸರು ಬಂತು. ಚಿತ್ತೋರಿನ ರಾಣಿ ಪದ್ಮಿನಿಯ ಹೆಸರಿಟ್ರು. 1089 ಸಿಸಿ ಎಂಜಿನ್, ಸ್ಟಿಯರಿಂಗ್ ಪಕ್ಕದಲ್ಲೇ ಗೇರು, ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬರೋವರೆಗೆ ಕಾರು ಬೇಕು ಅಂದ್ರೆ ಒಂದೋ ಅಂಬಾಸಿಡರ್, ಇಲ್ಲಾ ಪದ್ಮಿನಿ. ಅದೂ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಅಂಬಾಸಿಡರ್ ಸರ್ಕಾರಿ ಸಾಹೇಬರದ್ದು, ಪದ್ಮಿನಿ ಡಾಕ್ಟರದ್ದು, ಮೇಷ್ಟ್ರದ್ದು, ವಕೀಲರದ್ದು ಅನ್ನೋ ಲೆಕ್ಕ ಇತ್ತು ಆವಾಗ.

ಈಗ ನನ್ನ ಕಥೆಗೆ ಬರ್ತೀನಿ.

ನನ್ನ ಸೋದರಮಾವ ಗಾಂಧಿನಗರದಲ್ಲಿ ಸಿನಿಮಾ ಕಂಪನಿಗಳಿಗೆ ಕಾರು ಓಡಿಸ್ತಿದ್ದವರು. ಹೀರೋಗಳನ್ನ ಕೂರಿಸ್ಕೊಂಡು ಮೆರೆಯೋ ಕಾರಲ್ಲ. ಕಾಸ್ಟ್ಯೂಮ್ ಪೆಟ್ಟಿಗೆ, ಮೇಕಪ್‌ನವರು, ಟಿಫನ್ ಕ್ಯಾರಿಯರ್, ಸಹನಟರು, ಎಲ್ಲಾ ತುಂಬ್ಕೊಂಡು ಬೆಳಗಿನ ಜಾವ ಕಂಠೀರವ ಸ್ಟುಡಿಯೋಗೆ ಬಿಡೋ ಪ್ರೊಡಕ್ಷನ್ ಕಾರು. ಅದೇ ಪದ್ಮಿನಿ. ವಯಸ್ಸಾಗಿ ಕಣ್ಣು ಮಂಜಾದಾಗ ಕಾರಿನ ಬೀಗದ ಕೈ ನನ್ನ ಕೈಗಿಟ್ಟು ಒಂದೇ ಮಾತು ಹೇಳಿದ್ರು: "ಅಳಿಯಾ, ಇದರ ಹೊಟ್ಟೆ ನೋಡ್ಕೋ. ಮುಖ ಹೆಂಗಿದ್ರೂ ಪರವಾಗಿಲ್ಲ."

ನನಗೆ ಆವಾಗ ನಿಮ್ಮದೇ ವಯಸ್ಸು. ಹೊಟ್ಟೆ ಯಾರು ನೋಡ್ತಾರೆ ರೀ? ಕೂಡಿಟ್ಟ ದುಡ್ಡೆಲ್ಲ ತಗೊಂಡು ಹೋಗಿ ಒಂದು ಗ್ಯಾರೇಜಿಗೆ ಸುರಿದೆ. ಯಾವ ಗ್ಯಾರೇಜು ಅನ್ನೋದು ಬೇಡ, ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ. ಹಳೇ ಬಣ್ಣ ಕೆರೆದ್ರು, ಪುಟ್ಟಿ ಮೆತ್ತಿದ್ರು, ಉಜ್ಜಿದ್ರು, ಮೂರು ಕೋಟು ಬಣ್ಣ ಹೊಡೆದ್ರು. ಕೆನೆ ಬಣ್ಣದ ಮೈ, ಕಪ್ಪು ಟಾಪು. ಮದುಮಗಳು! ತಿಂಗಳೊಪ್ಪತ್ತು ಬೀದಿಯಲ್ಲಿ ಹುಡುಗರು ಶಿಳ್ಳೆ ಹೊಡೆದದ್ದೇ ಹೊಡೆದದ್ದು. ಒಂದು ಭಾನುವಾರ ಅಮ್ಮ, ಚಿಕ್ಕಮ್ಮ, ಮಾವ ಎಲ್ಲರನ್ನೂ ಕೂರಿಸ್ಕೊಂಡು ಶಿವಗಂಗೆಗೆ ಹೊರಟೆ. ನೆಲಮಂಗಲ ದಾಟಿದ ಮೇಲೆ ಹಿಂದಿನ ಚಕ್ರ ಪಂಕ್ಚರ್. ಎಲ್ಲರನ್ನೂ ಇಳಿಸಿ, ಬಾಗಿಲ ಕೆಳಗಡೆ ಜಾಕ್ ಕೊಟ್ಟು ತಿರುಗಿಸಿದೆ. ಜಾಕ್ ಮೇಲೆ ಹೋಯ್ತು, ಕಾರು ಹೋಗ್ಲಿಲ್ಲ! ‘ಕರ್ರ್’ ಅಂತ ಒಂದು ಸದ್ದು. ಬಗ್ಗಿ ನೋಡಿದ್ರೆ ಜಾಕಿನ ತಲೆ ಬಾಡಿಯನ್ನ ತೂರಿಕೊಂಡು ಒಳಗೆ ಹೋಗಿ, ಅಮ್ಮ ಕಾಲಿಟ್ಟುಕೊಂಡಿದ್ದ ಜಾಗದ ರಬ್ಬರ್ ಮ್ಯಾಟನ್ನ ಎತ್ತಿ ನಿಂತಿದೆ. ಹೊಳೆಯೋ ಬಣ್ಣದ ಕೆಳಗೆ ತಗಡೇ ಇರ್ಲಿಲ್ಲ. ತುಕ್ಕು, ಅದರ ಮೇಲೆ ಪುಟ್ಟಿ, ಅದರ ಮೇಲೆ ಬಣ್ಣ, ಅಷ್ಟೇ. ಆ ತಗಡಿನ ಮೇಲೆ ಐದು ಜನ ಕೂತು ಅರವತ್ತರ ಸ್ಪೀಡಿನಲ್ಲಿ ಬಂದಿದ್ವಿ.

ಮಾವ ಬೈಯ್ಲಿಲ್ಲ. ರಸ್ತೆ ಬದಿ ಕಲ್ಲಿನ ಮೇಲೆ ಕೂತು ಬೀಡಿ ಹಚ್ಚಿದ್ರು. ಅದೇ ಹೆಚ್ಚು ನೋವಾಯ್ತು ನನಗೆ.

ಅದಕ್ಕೇ ಹೇಳೋದು ತಿಪಟೂರಿನ ತಮ್ಮಾ, ಕಿವಿಗೊಟ್ಟು ಕೇಳು. ಲಾರಿಗೆ, ಜೀಪಿಗೆ ಕೆಳಗೆ ದಪ್ಪ ಚಾಸಿ ಇರುತ್ತೆ, ಅದರ ಮೇಲೆ ಬಾಡಿ ಕೂರಿಸ್ತಾರೆ. ಪದ್ಮಿನಿಗೆ ಹಾಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ, ಎಂಜಿನ್ ಇರೋ ಕಡೆಯ ಒಳಗೋಡೆ, ಇವೇ ಇಡೀ ಕಾರಿನ ಬೆನ್ನುಮೂಳೆ. ಅದು ಕೊಳೆತಿದ್ರೆ ಬಂಗಾರದ ಬಣ್ಣ ಹೊಡೆಸಿದ್ರೂ ಅದು ಕಾರಲ್ಲ, ಕಲಾಯಿ ಹಾಕಿದ ಡಬ್ಬ. ಹೀರೋಯಿನ್‌ಗೆ ಮೇಕಪ್ ಆಮೇಲೆ, ಮೊದಲು ಎಕ್ಸ್‌ರೇ!

ಈ ಭಾನುವಾರ ಒಂದು ಕೆಲಸ ಮಾಡು. ಕಾಸು ಖರ್ಚಿಲ್ಲ. ಒಳಗಿನ ಮ್ಯಾಟುಗಳನ್ನೆಲ್ಲ ಕಿತ್ತು ಹೊರಗೆ ಹಾಕು. ಒಂದು ಸ್ಕ್ರೂಡ್ರೈವರ್ ತಗೊಂಡು ನೆಲಕ್ಕೆ ಅಂಗೈ ಅಗಲಕ್ಕೊಂದು ಕಡೆ ಒತ್ತಿ ನೋಡು. ಡ್ರೈವರ್ ಕಾಲಿಡೋ ಜಾಗ, ಹಿಂದಿನ ಸೀಟಿನ ಕೆಳಗೆ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡೋ ಜಾಗ, ಹಿಂದಿನ ಪಟ್ಟಿ ಸ್ಪ್ರಿಂಗು ಬಾಡಿಗೆ ಕಚ್ಚೋ ಜಾಗ. ‘ಠಣ್’ ಅಂದ್ರೆ ಒಳ್ಳೇದು. ‘ಪುಸ್’ ಅಂತ ಒಳಗೆ ಹೋದ್ರೆ ಒಂದು ಸುಣ್ಣದ ಗುಂಡು ಬರಿ. ಕೊನೆಗೆ ಗುಂಡುಗಳನ್ನ ಎಣಿಸು. ಅಂಗೈ ಅಗಲದ ನಾಲ್ಕೈದು ತೇಪೆ ಆದ್ರೆ ಟಿಂಕರಿಂಗ್ ಮಾಡೋನು ಹೊಸ ತಗಡು ಕತ್ತರಿಸಿ ಬೆಸುಗೆ ಹಾಕ್ತಾನೆ, ಭಯ ಬೇಡ. ಇಡೀ ನೆಲವೇ ಸುಣ್ಣದ ರಂಗೋಲಿ ಆಗಿದ್ರೆ... ಆ ಮಾತು ಕೊನೆಗೆ ಹೇಳ್ತೀನಿ.

ಆಮೇಲೆ ಎಂಜಿನ್. ಆರು ವರ್ಷ ನಿಂತ ಗಾಡಿಗೆ ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯೋ ಹುಚ್ಚು ಸಾಹಸ ಮಾಡ್ಬೇಡ. ಪಿಸ್ಟನ್ ರಿಂಗು ಸಿಲಿಂಡರಿಗೆ ತುಕ್ಕಿನಿಂದ ಅಂಟಿಕೊಂಡಿದ್ರೆ ರಿಂಗು ಮುರಿಯುತ್ತೆ. ನಾಲ್ಕು ಪ್ಲಗ್ಗೂ ಬಿಚ್ಚು. ಒಂದೊಂದು ತೂತಿಗೆ ನಾಲ್ಕೈದು ಚಮಚ ಎಂಜಿನ್ ಆಯಿಲ್ ಬಿಡು. ಎರಡು ದಿನ ಮುಟ್ಟಬೇಡ. ಮೂರನೇ ದಿನ ಟಾಪ್ ಗೇರಿಗೆ ಹಾಕಿ, ಇಬ್ಬರು ಸೇರಿ ಕಾರನ್ನ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ತಳ್ಳಿ. ಎದುರಿನ ಫ್ಯಾನ್ ತಿರುಗಿದ್ರೆ ಶಿಳ್ಳೆ ಹೊಡಿ, ಎಂಜಿನ್ ಬದುಕಿದೆ. ತಿರುಗದಿದ್ರೂ ಅಳಬೇಡ. ಬಿಚ್ಚಿ, ಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕೋ ದಾರಿ ಇದೆ, ಖರ್ಚು ಮಾತ್ರ ಜಾಸ್ತಿ. ಇನ್ನೊಂದು ಗುಟ್ಟು: ಈ ಎಂಜಿನ್ನಿನ ಬ್ಲಾಕು ಬೀಡು ಕಬ್ಬಿಣದ್ದು, ಮೇಲಿನ ಹೆಡ್ಡು ಅಲ್ಯೂಮಿನಿಯಂ. ನೀರು ಖಾಲಿಯಾಗಿ ಕಾದ್ರೆ ಹೆಡ್ಡು ಸೊಟ್ಟಗಾಗಿ ಗ್ಯಾಸ್ಕೆಟ್ ಹೊಡೆದುಹೋಗುತ್ತೆ. ಆಯಿಲ್ ಕಡ್ಡಿ ಎಳೆದು ನೋಡು. ಆಯಿಲ್ ಹಾಲು ಕಾಫಿಯ ಬಣ್ಣಕ್ಕೆ ತಿರುಗಿದ್ರೆ ನೀರು ಸೇರಿದೆ ಅಂತ ಅರ್ಥ.

ಎಂಜಿನ್ ಬದುಕಿದೆ ಅಂತ ಗೊತ್ತಾದ ತಕ್ಷಣ ರಸ್ತೆಗಿಳಿಸ್ಬೇಡ. ಮೊದಲು ಬ್ರೇಕು. ನಿಂತ ಗಾಡಿಯ ವೀಲ್ ಸಿಲಿಂಡರ್ ಒಳಗಿನ ರಬ್ಬರು ಒಣಗಿ ಕಲ್ಲಾಗಿರುತ್ತೆ. ಮಾಸ್ಟರ್ ಸಿಲಿಂಡರ್ ಕಿಟ್ಟು, ನಾಲ್ಕೂ ಚಕ್ರದ ಕಿಟ್ಟು, ಪೈಪು, ಎಲ್ಲ ಬದಲಾಯಿಸಿ ಆಮೇಲೆ ಮುಂದಿನ ಮಾತು. ಹಳೇ ಪೆಟ್ರೋಲನ್ನ ಪೂರ್ತಿ ಇಳಿಸಿ ಟ್ಯಾಂಕ್ ತೊಳೆಸು. ಹಳಬರಿಗೆ ಗೊತ್ತಿಲ್ಲದ ಹೊಸ ವಿಷಯ ಇಲ್ಲೊಂದಿದೆ. 2025ರ ಹೊತ್ತಿಗೆ ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸೋಕೆ ಶುರುವಾಯ್ತು. ಎಥನಾಲ್ ಗಾಳಿಯ ತೇವಾನ ಹೀರುತ್ತೆ, ಹಳೇ ಕಾಲದ ರಬ್ಬರನ್ನ ಮೆತ್ತಗೆ ಮಾಡಿ ಬಿರುಕು ಬಿಡಿಸುತ್ತೆ. ನಿಮ್ಮಪ್ಪನ ಕಾಲದ ಪೆಟ್ರೋಲ್ ಪೈಪು, ಪಂಪಿನ ಪರದೆ, ಕಾರ್ಬುರೇಟರ್ ವಾಷರು ಇದಕ್ಕೆ ತಾಳೋದಿಲ್ಲ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದ್ರೆ ಏನಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಈಗಿನ ಪೆಟ್ರೋಲಿಗೆ ತಾಳೋ ಪೈಪು ಕೇಳಿ ತಗೋ. ತಿಂಗಳುಗಟ್ಟಲೆ ನಿಲ್ಲಿಸೋ ಹಾಗಿದ್ರೆ ಟ್ಯಾಂಕಿನಲ್ಲೂ ಕಾರ್ಬುರೇಟರಿನಲ್ಲೂ ಪೆಟ್ರೋಲ್ ಉಳಿಸ್ಬೇಡ.

ಸರಿ, ಪಾರ್ಟ್ಸ್ ಎಲ್ಲಿ? ಎಲ್ಲರ ಪ್ರಶ್ನೆಯೂ ಅದೇ.

ಒಂದು ಕಾಲಕ್ಕೆ ಇದು ಪ್ರಶ್ನೆಯೇ ಆಗಿರ್ಲಿಲ್ಲ. ಯಾಕೆ ಗೊತ್ತಾ? ಮುಂಬೈ ಟ್ಯಾಕ್ಸಿ! ಹಿಂದಿ ಸಿನಿಮಾದಲ್ಲಿ ಹಳ್ಳಿ ಹೀರೋ ವಿ.ಟಿ. ಸ್ಟೇಷನ್ನಿಂದ ಹೊರಗೆ ಬಂದ ತಕ್ಷಣ ಕಾಣೋ ಕಪ್ಪು ಹಳದಿ ಕಾರು. ಸಾವಿರಾರು ಪದ್ಮಿನಿಗಳು ಹಗಲೂ ರಾತ್ರಿ ಓಡ್ತಿದ್ದಾಗ ಕ್ಲಚ್ ಪ್ಲೇಟು, ಬ್ರೇಕ್ ಕಿಟ್ಟು, ಗ್ಯಾಸ್ಕೆಟ್ಟು ಮಾಡೋ ಸಣ್ಣ ಕಾರ್ಖಾನೆಗಳೂ ಓಡ್ತಿದ್ವು. ಕಾರು ತಯಾರಿಕೆ 2000ದ ಆಸುಪಾಸಿನಲ್ಲೇ ನಿಂತ್ರೂ ಟ್ಯಾಕ್ಸಿಯವರ ದೆಸೆಯಿಂದ ಪಾರ್ಟ್ಸ್ ನಿಲ್ಲಲಿಲ್ಲ. ಕೊನೆಯ ಪದ್ಮಿನಿ ಟ್ಯಾಕ್ಸಿ ತಾರ್ದೇವ್ ಆರ್‌ಟಿಒದಲ್ಲಿ ರಿಜಿಸ್ಟರ್ ಆದದ್ದು 2003ರ ಅಕ್ಟೋಬರ್ 29ರಂದು. ಅಲ್ಲಿ ಟ್ಯಾಕ್ಸಿಗೆ ಇಪ್ಪತ್ತೇ ವರ್ಷ ಆಯಸ್ಸು. 2023ರ ಅಕ್ಟೋಬರ್ ಮುಗಿಯೋ ಹೊತ್ತಿಗೆ ಅದೂ ರಸ್ತೆಯಿಂದ ಇಳೀತು. ಪೇಪರಿನವರೆಲ್ಲ ಫೋಟೋ ಹಾಕಿ ಕಣ್ಣೀರು ಹಾಕಿದ್ರು. ನಮ್ಮಂಥವರು ಕಣ್ಣೀರು ಹಾಕಿದ್ದು ಬೇರೆ ಕಾರಣಕ್ಕೆ. ದಿನಾ ಕೊಳ್ಳೋ ಗಿರಾಕಿ ಹೋದ ಮೇಲೆ ಹೊಸದಾಗಿ ಮಾಡೋರು ಯಾರು? ಈಗ ಇರೋದು ಗೋಡೌನಿನಲ್ಲಿ ಉಳಿದದ್ದು, ಗುಜರಿಯಲ್ಲಿ ಬಿಚ್ಚಿದ್ದು, ಮತ್ತೆ ಲೇತ್ ಮೇಲೆ ಹುಟ್ಟಿಸಿದ್ದು.

ಆದ್ರೂ ಧೈರ್ಯ ಇರ್ಲಿ. ಎಂಜಿನ್ ಕಡೆಯ ಸಾಮಾನು ಅರ್ಧಕ್ಕರ್ಧ ಅಂಗಡಿಯಲ್ಲೇ ಸಿಗುತ್ತೆ, ‘ಪದ್ಮಿನಿ’ ಅಂತ ಕೇಳದಿದ್ರೆ! ನಗಬೇಡಿ. ಬೇರಿಂಗಿನ ಅಂಚಿನಲ್ಲಿ ನಂಬರ್ ಕೆತ್ತಿರುತ್ತೆ. ಆಯಿಲ್ ಸೀಲಿನ ಮೇಲೆ ಅಳತೆ ಇರುತ್ತೆ. ಫ್ಯಾನ್ ಬೆಲ್ಟಿನ ಮೇಲೂ ನಂಬರ್. ಆ ನಂಬರ್ ಬರ್ಕೊಂಡು ಬೇರಿಂಗ್ ಅಂಗಡಿಗೆ ಹೋಗು. ಅದು ಪದ್ಮಿನಿಗೋ, ಪಂಪ್‌ಸೆಟ್ಟಿಗೋ ಅವರಿಗೆ ಬೇಕಿಲ್ಲ. "ಪದ್ಮಿನಿಗೆ ಬೇರಿಂಗ್ ಇದೆಯಾ" ಅಂತ ಕೇಳಿದ್ರೆ ಇಲ್ಲ ಅಂತಾರೆ, ಇಲ್ಲಾ ಮೂರು ಪಟ್ಟು ಹೇಳ್ತಾರೆ. ಬುಷ್ ಸವೆದಿದ್ರೆ ತಿಪಟೂರಿನಲ್ಲೇ ಲೇತ್ ಇದೆಯಲ್ಲ, ಹಳೇದು ತೋರಿಸಿದ್ರೆ ಗನ್‌ಮೆಟಲ್‌ನಲ್ಲಿ ಕಡೆದು ಕೊಡ್ತಾರೆ. ಬಾಗಿಲ ರಬ್ಬರ್ ಬೀಡಿಂಗ್ ಅಚ್ಚು ನೋಡಿ ಎಳೆದುಕೊಡೋ ರಬ್ಬರ್ ಕೆಲಸದವರು ಪೀಣ್ಯ ಕಡೆ ಸಿಗ್ತಾರೆ.

ಸಿಗದೆ ಇರೋದು ಯಾವುದು ಗೊತ್ತಾ? ಒಡವೆಗಳು! ಮುಂದಿನ ಗ್ರಿಲ್ಲು, ಪಕ್ಕದ ಬೆಳ್ಳಿ ಪಟ್ಟಿ, ಬಾಗಿಲ ಹಿಡಿ, ಚಕ್ರದ ಕಪ್ಪು, ಟೈಲ್ ಲ್ಯಾಂಪಿನ ಕೆಂಪು ಗಾಜು. ಇವಕ್ಕೆ ನಂಬರೂ ಇಲ್ಲ, ಲೇತೂ ಇಲ್ಲ. ನನ್ನ ಎರಡನೇ ತಪ್ಪು ಇದೇ ಒಡವೆಗಳ ವಿಷಯದಲ್ಲಿ. ಬಣ್ಣ ಹೊಡೆಯೋವಾಗ ಬಿಚ್ಚಿಟ್ಟಿದ್ದ ಪಟ್ಟಿಗಳು, ಕ್ಲಿಪ್ಪುಗಳು ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿದ್ವು. ಹೊಸದು ಹಾಕ್ಸೋಣ ಬಿಡು ಅಂತ ನಾನೇ ಅಂದಿದ್ದೆ. ಸಂಜೆ ಗುಜರಿ ಗಾಡಿಗೆ ಹೋಯ್ತು. ಆ ಪಟ್ಟಿಗಳನ್ನ ಮತ್ತೆ ಕೂಡಿಸೋಕೆ ಮೂರು ವರ್ಷ ಹಿಡೀತು. ಮಾವನ ಮನೆಗೆ ಹೋದಾಗ ನೋಡಿದ್ರೆ ಅಟ್ಟದ ಮೇಲೆ ಹಾರ್ಲಿಕ್ಸ್ ಬಾಟಲಿಗಳ ಸಾಲು. ಒಂದರಲ್ಲಿ ಕ್ಲಿಪ್ಪು, ಒಂದರಲ್ಲಿ ಸ್ಕ್ರೂ, ಒಂದರಲ್ಲಿ ಸವೆದ ಪಾಯಿಂಟು. ಪ್ರತಿಯೊಂದಕ್ಕೂ ಚೀಟಿ. ಮುರಿದದ್ದನ್ನ ಯಾಕೆ ಇಟ್ಟಿದ್ದೀರಿ ಮಾವ ಅಂದ್ರೆ, "ಮುರಿದದ್ದು ತೋರಿಸ್ದೆ ಇದ್ರೆ ಅಂಗಡಿಯವನು ಯಾವುದು ಕೊಡ್ತಾನೋ?" ಅಂದ್ರು. ಹೊಸದು ಕೂತು, ಗಟ್ಟಿಯಾಗಿ ನಿಂತು, ನಾಲ್ಕು ಮಳೆ ಕಾಣೋವರೆಗೆ ಹಳೇದನ್ನ ಎಸೆಯೋ ಹಾಗಿಲ್ಲ. ಬಿಚ್ಚೋ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗಿ, ಬಿಚ್ಚಿದ ಮೇಲೆ ಬಾಟಲಿಗೆ ಹಾಕು. ಅಂಗಡಿಗೆ ಹೋಗೋವಾಗ ಒಡೆದ ತುಂಡನ್ನೇ ಚೀಲದಲ್ಲಿ ಒಯ್ಯಿ. ಒಂದೇ ಹೆಸರಿನ ಪದ್ಮಿನಿಯಲ್ಲೂ ವರ್ಷದಿಂದ ವರ್ಷಕ್ಕೆ ಸಣ್ಣ ಸಣ್ಣ ಬದಲಾವಣೆ ಇದೆ. ಕಣ್ಣಿಗೆ ಒಂದೇ, ಬೋಲ್ಟಿನ ತೂತಿಗೆ ಬೇರೆ.

ಬೆಂಗಳೂರಿಗೆ ಬಂದ್ರೆ ಮೊದಲು ಜೆ.ಸಿ. ರಸ್ತೆ. ಅಲ್ಲಿ ಹೊಸ ಸಾಮಾನು. ಸಿಗದಿದ್ರೆ ಶಿವಾಜಿನಗರದ ಗುಜರಿ ಸಾಲು. ಅಲ್ಲೂ ಇಲ್ಲದಿದ್ರೆ ಭಾನುವಾರ ಬೆಳಗ್ಗೆ ಚಿಕ್ಕಪೇಟೆ ಕಡೆಯ ಸಂಡೇ ಬಜಾರು. ಬೆಳಕು ಹರಿಯೋ ಮುಂಚೆ ಹೋಗಬೇಕು, ಒಂಬತ್ತಕ್ಕೆ ಹೋದ್ರೆ ಬರೀ ಚಪ್ಪಲಿ, ಚಾರ್ಜರ್ರು. ದಾಟಿ ಹೋಗೋ ಧೈರ್ಯ ಇದ್ರೆ ಚೆನ್ನೈಯ ಪುದುಪೇಟೆ. ಅಲ್ಲಿ ಕಾರನ್ನ ಕುರಿ ಕಡಿದ ಹಾಗೆ ಬಿಚ್ಚಿ ತೂಗು ಹಾಕಿರ್ತಾರೆ. ಒಂದು ಎಚ್ಚರಿಕೆ. ಗುಜರಿಯಲ್ಲಿ ಕದ್ದ ಮಾಲೂ ಇರುತ್ತೆ. ಉತ್ತರ ಪ್ರದೇಶದ ಮೀರತ್‌ನಲ್ಲಿ ಸೋತಿಗಂಜ್ ಅಂತ ದೊಡ್ಡ ಗುಜರಿ ಪೇಟೆ ಇತ್ತು. ಕದ್ದ ಗಾಡಿಗಳನ್ನ ಬಿಚ್ಚಿ ಮಾರ್ತಾರೆ ಅಂತ 2021ರ ಡಿಸೆಂಬರಿನಲ್ಲಿ ಪೊಲೀಸರು ಅದನ್ನ ಮುಚ್ಚಿಸಿದ್ರು. ಎಂಜಿನ್ ಥರದ ದೊಡ್ಡ ಸಾಮಾನು ತಗೊಂಡ್ರೆ ಬಿಲ್ಲು ಬೇಕೇ ಬೇಕು. ಎಂಜಿನ್ ನಂಬರ್ ಬದಲಾದ್ರೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಬೇಕು. ಚಾಸಿ ನಂಬರಿಗೆ ಮಾತ್ರ ಯಾವ ಟಿಂಕರನೂ ಕೈ ಹಚ್ಚಬಾರದು, ಅದರ ಮೇಲೆ ಪುಟ್ಟಿ ಕೂಡ ಮೆತ್ತಿಸ್ಬೇಡ.

ಇಷ್ಟೆಲ್ಲ ಪೇಟೆ ಸುತ್ತಿದ ನನಗೆ ಬಲಗಡೆ ಟೈಲ್ ಲ್ಯಾಂಪಿನ ಗಾಜು ಎಲ್ಲಿ ಸಿಕ್ತು ಹೇಳಿ ನೋಡೋಣ? ಜೆ.ಸಿ. ರಸ್ತೆಯಲ್ಲಲ್ಲ, ಶಿವಾಜಿನಗರದಲ್ಲಲ್ಲ, ಚೆನ್ನೈಯಲ್ಲೂ ಅಲ್ಲ. ಎರಡು ವರ್ಷ ಒಡೆದ ಗಾಜನ್ನ ಟಿಫನ್ ಡಬ್ಬಿಯಲ್ಲಿಟ್ಟು ತಿರುಗಿದೆ. ಒಂದು ಸಲ ಅರಸೀಕೆರೆ ಹತ್ರ ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗ ಡಬ್ಬಿ ತೆಗೆದು ಪಕ್ಕಕ್ಕಿಟ್ಟೆ. ಎದುರಿಗೆ ಕೂತಿದ್ದ ವಯಸ್ಸಾದ ಲಾರಿ ಡ್ರೈವರ್ ಕೇಳಿದ್ರು, "ಫಿಯಟ್ಟಾ?" ಹೂಂ ಅಂದೆ. "ಸ್ಟೇಷನ್ ಕಡೆ ಒಂದು ಹಳೇ ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ. ಈಗ ಬರೀ ಟ್ರಾಕ್ಟರ್ ಸಾಮಾನು ಮಾರ್ತಾರೆ. ಅಟ್ಟ ಹತ್ತಿಸಿ ನೋಡಿ" ಅಂದ್ರು. ಹೋದೆ. ಅಂಗಡಿ ಯಜಮಾನರು ಇಲ್ಲ ಅಂದ್ರು. ಅಟ್ಟದ ಮೇಲೆ ನಾನೇ ಹತ್ತಲಾ ಅಂದೆ. ಮೊದಲು ನನ್ನ ಮುಖ ನೋಡಿದ್ರು, ಆಮೇಲೆ ಹೊರಗೆ ಬಂದು ಕಾರು ನೋಡಿದ್ರು, ಏಣಿ ಕೊಟ್ರು. ಧೂಳು, ಜೇಡರ ಬಲೆ, ಇಲಿ ಹಿಕ್ಕೆ... ಕೊನೆಗೆ ಕಂದು ರಟ್ಟಿನ ಡಬ್ಬಿಯೊಳಗೆ ಹಳೇ ಪೇಪರಿನಲ್ಲಿ ಸುತ್ತಿದ ಕೆಂಪು ಗಾಜು! ಡಬ್ಬಿಯ ಮೇಲೆ ಪೆನ್ಸಿಲ್ಲಿನಲ್ಲಿ ಎಂಟು ರೂಪಾಯಿ ಅಂತ ಬರೆದಿತ್ತು. ನಾನು ಐನೂರು ಕೊಟ್ಟೆ. ಅವರು ಇನ್ನೂರು ವಾಪಸ್ ಕೊಟ್ರು. ಎಡಗಡೆಯದೂ ಒಂದಿತ್ತು, ತಗೊಂಡೆ.

ಅದಕ್ಕೇ ನಾನು ಪಾರ್ಟ್ಸ್ ಹುಡುಕೋದು ಅಂಗಡಿಗಳಿಗಿಂತ ಹೆಚ್ಚಾಗಿ ಜನರಲ್ಲಿ. ನಿಮ್ಮ ಕಡೆ ಹಳೇ ಫಿಯಟ್ ಮೇಸ್ತ್ರಿ ಯಾರಾದ್ರೂ ಉಳಿದಿದ್ದಾರಾ ವಿಚಾರಿಸು. ಕೆಲಸ ಬಿಟ್ಟು ಮನೆಯಲ್ಲಿ ಕೂತಿರಬಹುದು, ಕೈ ನಡುಗ್ತಿರಬಹುದು. ಸ್ಪ್ಯಾನರ್ ನೀನು ಹಿಡಿ, ಬಾಯಿ ಅವರದ್ದಿರ್ಲಿ. ಕಾರ್ಬುರೇಟರ್ ಸ್ಕ್ರೂ ಎಷ್ಟು ಸುತ್ತು ಬಿಡಬೇಕು ಅನ್ನೋದನ್ನ ಕಿವಿಯಿಂದ ಹೇಳೋ ಜನ ಅವರು. ಈಗಿನ ಮೆಕ್ಯಾನಿಕ್ ಹುಡುಗರಿಗೆ ಕಂಪ್ಯೂಟರ್ ಚುಚ್ಚೋಕೆ ಜಾಗ ಇಲ್ಲದ ಕಾರು ಕಂಡ್ರೆ ಕೈಕಾಲು ಬರೋದಿಲ್ಲ. ತಪ್ಪು ಅವರದ್ದಲ್ಲ, ಅವರಿಗೆ ಕಲಿಸೋ ಹೊತ್ತಿಗೆ ಪಾಯಿಂಟೂ ಇರ್ಲಿಲ್ಲ, ಕಾರ್ಬುರೇಟರೂ ಇರ್ಲಿಲ್ಲ.

ಇನ್ನು ಕಾಗದ ಪತ್ರ. ಬೋರು ಹೊಡೆಯುತ್ತೆ, ಆದ್ರೆ ಬಿಡೋ ಹಾಗಿಲ್ಲ. ಹದಿನೈದು ವರ್ಷ ದಾಟಿದ ಕಾರನ್ನ ಸರ್ಕಾರ ಹಿಡ್ಕೊಂಡು ಹೋಗುತ್ತೆ ಅಂತ ನಿಮ್ಮಣ್ಣ ಹೇಳಿರಬಹುದು. ಆ ಮಾತು ಹುಟ್ಟಿದ್ದು ದೆಹಲಿ ಕಡೆಯಿಂದ. ನಮ್ಮಲ್ಲಿ ಫಿಟ್‌ನೆಸ್ ತೋರಿಸಿ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ ಮಾಡಿಸ್ಕೋಬಹುದು. ಫೀಸು ಮಾತ್ರ ಏರ್ತಾನೇ ಇದೆ. 600 ರೂಪಾಯಿ ಇದ್ದದ್ದು 2022ರ ಏಪ್ರಿಲಿನಿಂದ 5,000 ಆಯ್ತು. 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ಮಾಡಿದ್ರು. ಹಸಿರು ತೆರಿಗೆ ಬೇರೆ. ಆರ್‌ಸಿ ಇನ್ನೂ ಅಪ್ಪನ ಹೆಸರಿನಲ್ಲಿದ್ರೆ ವಾರಸುದಾರರ ಹೆಸರಿಗೆ ಮಾಡ್ಸೋಕೆ ಫಾರಂ 31. ಅದನ್ನ ಮೂರು ತಿಂಗಳೊಳಗೆ ಕೊಡಬೇಕಿತ್ತು, ಆರು ವರ್ಷ ಆಗಿದೆ, ದಂಡ ಬೀಳುತ್ತೆ. ಅಣ್ಣ, ಅಮ್ಮ ಇಬ್ಬರೂ ಒಪ್ಪಿಗೆ ಬರ್ಕೊಡಬೇಕಾಗುತ್ತೆ. ಅಂದ್ರೆ ಅಣ್ಣನ ಜೊತೆ ಜಗಳ ಆಡಿ ಈ ಕಾರು ಉಳಿಸೋಕೆ ಆಗೋದಿಲ್ಲ, ನೆನಪಿಡು. ಬೋರ್ಡು ಹಳದಿಯೋ ಬಿಳಿಯೋ ಅದನ್ನೂ ನೋಡು. ಬಾಡಿಗೆ ಗಾಡಿಯಾಗಿದ್ರೆ ಸ್ವಂತಕ್ಕೆ ಬದಲಾಯಿಸ್ಬೇಕು. ವಿಂಟೇಜ್ ಅಂತ ಬೇರೆ ನಂಬರ್ ಕೊಡೋ ನಿಯಮ 2021ರಲ್ಲಿ ಬಂತು, ಆದ್ರೆ ಅದಕ್ಕೆ ಕಾರಿಗೆ ಐವತ್ತು ವರ್ಷ ಆಗಿರಬೇಕು. ನಿಮ್ಮದಕ್ಕೆ 2036. ಅಲ್ಲದೆ ಆ ನಂಬರ್ ತಗೊಂಡ್ರೆ ದಿನಾ ಓಡಿಸೋ ಹಾಗಿಲ್ಲ.

ನಲವತ್ತು ಸಾವಿರ ಸಾಕಾ? ಸುಳ್ಳು ಹೇಳಲಾರೆ. ನೆಲ ಗಟ್ಟಿ ಇದ್ದು, ಎಂಜಿನ್ ತಿರುಗಿದ್ರೆ, ಬ್ರೇಕು, ಪೆಟ್ರೋಲ್ ಲೈನು, ವೈರಿಂಗು, ಟೈರು, ಆರ್‌ಟಿಒ, ಇಷ್ಟರಲ್ಲೇ ಆ ದುಡ್ಡು ಕರಗುತ್ತೆ. ಬಣ್ಣಕ್ಕೆ ಒಂದು ಪೈಸೆ ಉಳಿಯೋದಿಲ್ಲ. ತೆಂಗಿನಕಾಯಿ ಬಿದ್ದ ತಗ್ಗು ಹಾಗೇ ಇರ್ಲಿ. ಮುಂದಿನ ವರ್ಷ ಕೊಬ್ಬರಿಗೆ ಒಳ್ಳೆ ರೇಟು ಬಂದಾಗ ಬಣ್ಣದ ಮಾತು.

ನೆಲವೆಲ್ಲ ಸುಣ್ಣದ ರಂಗೋಲಿ ಆಗಿದ್ರೆ? ಋತ್ವಿಕ್ ಘಟಕ್ ಅಂತ ಬಂಗಾಳದ ದೊಡ್ಡ ನಿರ್ದೇಶಕರು. 1958ರಲ್ಲಿ ‘ಅಜಾಂತ್ರಿಕ್’ ಅಂತ ಸಿನಿಮಾ ತೆಗೆದ್ರು. ಫೈಟಿಂಗ್ ಇಲ್ಲ, ಹೀರೋಯಿನ್ ಇಲ್ಲ. ಬಿಮಲ್ ಅನ್ನೋ ಟ್ಯಾಕ್ಸಿ ಡ್ರೈವರ್, ಜಗದ್ದಲ್ ಅನ್ನೋ ಅವನ ಲಟಾರಿ ಷೆವರ್ಲೆ. ಇದ್ದ ದುಡ್ಡೆಲ್ಲ ಸುರಿದು ಹೊಸ ಪಾರ್ಟ್ಸ್ ಹಾಕಿಸ್ತಾನೆ, ಆದ್ರೂ ಕಾರು ಉಳಿಯೋದಿಲ್ಲ. ಕೊನೆಗೆ ಗುಜರಿಗೆ ಹೋಗುತ್ತೆ. ಅವನು ಕುಸಿದು ನಿಂತಾಗ ಎಲ್ಲೋ ‘ಪೋಂ’ ಅಂತ ಸದ್ದು. ತಿರುಗಿ ನೋಡಿದ್ರೆ ಒಂದು ಪುಟ್ಟ ಮಗು ಆ ಕಾರಿನ ಹಾರನ್ ಹಿಡ್ಕೊಂಡು ಆಡ್ತಾ ಇದೆ. ನೋಡದವರು ಒಂದು ಸಲ ನೋಡಿ. ನಾನು ಥಿಯೇಟರಿನ ಕತ್ತಲಲ್ಲಿ ಕರ್ಚೀಫ್ ತೆಗೆದೆ.

ಹಾಗೆ ಆಗೋ ಪಕ್ಷದಲ್ಲಿ ಗುಜರಿಯವನಿಗೆ ತೂಕಕ್ಕೆ ಕೊಡ್ಬೇಡ ತಮ್ಮಾ. ಅಣ್ಣಾವ್ರು 2006ರಲ್ಲಿ ಹೋಗುವಾಗ ಕಣ್ಣು ಕೊಟ್ಟು ಹೋಗಲಿಲ್ವಾ? ಕೊಳೆತ ನೆಲದ ಕಾರಿನಲ್ಲೂ ಬಾಗಿಲು, ಗಾಜು, ಗ್ರಿಲ್ಲು, ಗೇರ್‌ಬಾಕ್ಸು, ಸ್ಟಿಯರಿಂಗು ಇರುತ್ತೆ. ಅವಕ್ಕಾಗಿ ವರ್ಷಗಟ್ಟಲೆ ಟಿಫನ್ ಡಬ್ಬಿ ಹಿಡ್ಕೊಂಡು ತಿರುಗೋ ಜನ ಈ ರಾಜ್ಯದಲ್ಲಿ ಇನ್ನೂ ಇದ್ದಾರೆ. ಅವರಿಗೆ ಬಿಡಿಬಿಡಿಯಾಗಿ ಕೊಟ್ರೆ ಹದಿನೆಂಟು ಸಾವಿರಕ್ಕಿಂತ ಜಾಸ್ತಿಯೇ ಬರುತ್ತೆ, ಅಣ್ಣನಿಗೂ ಸಮಾಧಾನ. ಸ್ಟಿಯರಿಂಗ್ ಚಕ್ರ ಮಾತ್ರ ಬಿಚ್ಚಿ ಅಮ್ಮನ ಕೈಗೆ ಕೊಡು. ಇಟ್ಕೋತಾರೋ, ಬೇಡ ಅಂತಾರೋ, ಅವರೇ ಹೇಳ್ಲಿ.

ಆದ್ರೆ ಅದು ಎರಡನೇ ಮಾತು. ಮೊದಲು ಅಣ್ಣನನ್ನೇ ಕರ್ಕೊಂಡು ಹೋಗಿ ಮ್ಯಾಟ್ ಎತ್ತಿಸು. ಟಾಪ್ ಗೇರಿಗೆ ಹಾಕಿ ತಳ್ಳೋಕೆ ಹೇಗೂ ಇಬ್ಬರು ಬೇಕು. ಫ್ಯಾನ್ ತಿರುಗಿತೋ ಇಲ್ಲವೋ, ಸುಣ್ಣದ ಗುಂಡು ಎಷ್ಟು ಬಂತು, ಇಷ್ಟು ಬರೆದು ಒಂದು ಕಾರ್ಡ್ ಹಾಕು. ಟೈಲ್ ಲ್ಯಾಂಪ್ ಎರಡೂ ಕಡೆ ಸರಿಯಾಗಿದೆಯಾ ನೋಡು. ಅರಸೀಕೆರೆ ಅಟ್ಟದಿಂದ ತಂದ ಎಡಗಡೆ ಗಾಜು ನನ್ನ ಹತ್ರ ಇನ್ನೂ ಪೇಪರ್ ಬಿಚ್ಚದೆ ಹಾಗೇ ಇದೆ.